ಚಿಕ್ಕಪ್ಪನ ಡಾಟ್ ಕಾಂಗೆ ಎರಡು ಸಾವಿರ ಡಾಲರ್ ಕೊಡುತ್ತೇವೆ ಅಂತ ಮೇಲ್ ಬಂದಿದೆ. ಕೊಡಲಾ, ಕಾಯಲಾ?

ಪುತ್ತೂರ್ ಹಾಳೆ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೆಯುತ್ತಿರುವುದು ಇದೇ ಮೊದಲು, ತಪ್ಪಿದ್ದರೆ ತಿದ್ದಿ.

ನಮ್ಮ ಚಿಕ್ಕಪ್ಪ ಪುತ್ತೂರಿನ ಹತ್ತಿರ ಅಡಿಕೆ ಹಾಳೆಯ ತಟ್ಟೆ, ಬಟ್ಟಲು ಮಾಡುವ ಸಣ್ಣ ಘಟಕ ನಡೆಸುತ್ತಾರೆ. ನಾಲ್ಕು ಪ್ರೆಸ್ ಮೆಷಿನ್, ಏಳು ಜನ ಕೆಲಸದವರು. 2011ರಲ್ಲಿ ಯಾರೋ ಹೇಳಿದರು ಅಂತ ಒಂದು ವೆಬ್‌ಸೈಟ್ ಮಾಡಿಸಿದ್ದರು. ಹೆಸರು ಎರಡು ಸಾದಾ ಇಂಗ್ಲಿಷ್ ಪದ, ಕೊನೆಗೆ ಡಾಟ್ ಕಾಂ. ನಡುವೆ ಅಡ್ಡಗೆರೆ ಇಲ್ಲ, ಅಂಕಿ ಇಲ್ಲ. ಹೆಸರು ಇಲ್ಲಿ ಹಾಕುವುದಿಲ್ಲ, ಕಾರಣ ನಿಮಗೇ ಗೊತ್ತು. ಸೈಟ್‌ನಲ್ಲಿ ಈಗಲೂ 2013ರ ಫೋಟೋಗಳೇ ಇವೆ. ವರ್ಷಕ್ಕೆ 1,200 ರೂಪಾಯಿ ಹತ್ತಿರ ಕಟ್ಟುತ್ತಾ ಬಂದಿದ್ದೇವೆ, ಅಷ್ಟೇ.

ಮೊನ್ನೆ ಒಬ್ಬ ಬ್ರೋಕರ್ ಮೇಲ್ ಮಾಡಿದ್ದಾರೆ. ಅವರ ಗ್ರಾಹಕರಿಗೆ ಈ ಹೆಸರು ಬೇಕಂತೆ, 2,000 ಡಾಲರ್ ಕೊಡುತ್ತಾರಂತೆ. ಕೆಳಗೆ ಯುರೋಪಿನ ಫೋನ್ ನಂಬರ್. ಚಿಕ್ಕಪ್ಪ ಎರಡು ಸಲ ಓದಿಸಿಕೊಂಡು, "ಕೊಟ್ಟುಬಿಡು ಮಾರಾಯ" ಅಂದರು.

ನಾನು ಸುಮ್ನೆ ಇರಬೇಕಿತ್ತು. ಹುಡುಕಿ ನೋಡಿದೆ. ವಾಯ್ಸ್ ಡಾಟ್ ಕಾಂ 2019ರಲ್ಲಿ 3 ಕೋಟಿ ಡಾಲರ್‌ಗೆ ಹೋಗಿದೆ! ಬರೀ ಐದಕ್ಷರ. ಆಮೇಲೆ ನಿದ್ದೆ ಬರಲಿಲ್ಲ. ಬೆಲೆ ಹೇಳುವ ಮೂರು ಟೂಲ್‌ಗಳಿಗೆ ನಮ್ಮ ಹೆಸರು ಹಾಕಿದೆ. ಒಂದು 2,300 ಡಾಲರ್ ಅಂದಿತು, ಇನ್ನೊಂದು 410, ಮೂರನೆಯದು ನೂರಕ್ಕಿಂತ ಕಡಿಮೆ. ನಾನು 50 ಲಕ್ಷ ರೂಪಾಯಿ ಕೇಳೋಣ ಅಂತಿದ್ದೇನೆ. ಜಾಸ್ತಿ ಆಯಿತಾ?

ಸರ್ವರ್ ರೂಮ್ · ಸೋಮವಾರ ರಾತ್ರಿ 9:52

ಉತ್ತರ ಕೊಡುವ ಮುಂಚೆ ಒಂದು ವಿಷಯ. "ಮಾರುವ ಮೊದಲು ಇಂಥ ಕಡೆ ಬೆಲೆಯ ಸರ್ಟಿಫಿಕೇಟ್ ತೆಗೆದುಕೊಂಡು ಬನ್ನಿ" ಅಂತ ಎಲ್ಲಾದರೂ ಬರೆದಿದ್ದಾರಾ? ಬರೆದಿದ್ದರೆ ಮೇಲ್ ಅಳಿಸಿ ಮಲಗಿ.

ಇದರಲ್ಲಿ ನಾನೇ ಬಿದ್ದಿದ್ದೆ, ಅದಕ್ಕೇ ಹೇಳುತ್ತಿದ್ದೇನೆ. 2016ರಲ್ಲಿ ನನ್ನ ಒಂದು ಹೆಸರಿಗೆ 18,000 ಡಾಲರ್ ಕೊಡುತ್ತೇವೆ ಅಂತ ಒಬ್ಬ ಬಂದ. ಎಷ್ಟು ಒಳ್ಳೆಯ ಮಾತು ಅಂತೀರಿ. "ನಮ್ಮ ಪಾಲುದಾರರು ಒಪ್ಪಬೇಕು, ಅದಕ್ಕೊಂದು ವ್ಯಾಲ್ಯುವೇಶನ್ ಬೇಕು, ಎಲ್ಲಾ ಕಡೆ ನಂಬಲಾಗುವುದಿಲ್ಲ, ಈ ಸೈಟ್‌ನಲ್ಲಿ ಮಾಡಿಸಿ" ಅಂದ. ನೂರೈವತ್ತು ಡಾಲರ್ ಕಟ್ಟಿದೆ. ಸೀಲು ಹೊಡೆದ ಪಿಡಿಎಫ್ ಬಂತು, 21,000 ಡಾಲರ್ ಬಾಳುತ್ತದೆ ಅಂತ. ಆಸಾಮಿ ಅವತ್ತಿನಿಂದ ಪತ್ತೆ ಇಲ್ಲ. ಕೊಳ್ಳುವವನೂ ಅವನೇ, ಸರ್ಟಿಫಿಕೇಟ್ ಕೊಡುವವನೂ ಅವನೇ. ಪಿಡಿಎಫ್ ಇನ್ನೂ ಇಟ್ಟುಕೊಂಡಿದ್ದೇನೆ.

ಪುತ್ತೂರ್ ಹಾಳೆ · ಸೋಮವಾರ ರಾತ್ರಿ 9:58

ಇಲ್ಲ ಸರ್, ಸರ್ಟಿಫಿಕೇಟ್ ವಿಷಯ ಇಲ್ಲ. ಎಸ್ಕ್ರೋ (ಹೆಸರು ಕೈ ಬದಲಾಗುವವರೆಗೆ ದುಡ್ಡು ಹಿಡಿದಿಟ್ಟುಕೊಳ್ಳುವ ಮಧ್ಯವರ್ತಿ) ಮೂಲಕ ಮಾಡೋಣ, ಅದರ ಫೀಸು ನಾವೇ ಕಟ್ಟುತ್ತೇವೆ ಅಂತ ಬರೆದಿದ್ದಾರೆ.

ಅರ್ಧ ಕಾಫಿ · ಸೋಮವಾರ ರಾತ್ರಿ 10:15

ಗುರು, ಇದು ಮನೆ ಕಟ್ಟುವ ಸೈಟ್ ಇದ್ದ ಹಾಗೆ. ಮೆಟ್ರೋ ಬರುವವರೆಗೆ ಕಾಯಿ. ಡಾಟ್ ಕಾಂ ಹೊಸದಾಗಿ ಹುಟ್ಟುವುದಿಲ್ಲ, ಕೊಳ್ಳುವವರು ಹುಟ್ಟುತ್ತಲೇ ಇರುತ್ತಾರೆ. 50 ಲಕ್ಷ ಯಾಕೆ, ಒಂದು ಕೋಟಿ ಹೇಳು.

ಗಾಂಧಿಬಜಾರ್ · ಸೋಮವಾರ ರಾತ್ರಿ 11:05

ಅರ್ಧ ಕಾಫಿಯವರೇ, ಸೈಟಿನ ಹೋಲಿಕೆ ಕೇಳಲು ಚೆನ್ನಾಗಿದೆ, ಆದರೆ ಅದೇ ಹೋಲಿಕೆ ನಂಬಿ ದುಡ್ಡು ಕಳೆದುಕೊಂಡವರು ತುಂಬಾ ಜನ. ನಾನು 2008ರಿಂದ ಹೆಸರು ಕೊಂಡು ಮಾರುತ್ತಿದ್ದೇನೆ. ದೊಡ್ಡ ವ್ಯಾಪಾರಿಯೇನಲ್ಲ. ಇದರಲ್ಲಿ ಮನೆ ಕಟ್ಟಿಲ್ಲ, ಮನೆಗೆ ಬಣ್ಣ ಹೊಡೆಸಿದ್ದೇನೆ.

ಸೈಟಿಗೆ ಪಕ್ಕದ ಸೈಟಿನ ರೇಟು ಇರುತ್ತದೆ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾರ್ಗಸೂಚಿ ದರ ಇರುತ್ತದೆ. ಇವನು ಬೇಡ ಅಂದರೆ ನಾಳೆ ಇನ್ನೊಬ್ಬ ಹೆಚ್ಚುಕಡಿಮೆ ಅದೇ ದುಡ್ಡಿಗೆ ತೆಗೆದುಕೊಳ್ಳುತ್ತಾನೆ. ಡೊಮೇನ್‌ಗೆ, ಅಂದರೆ ವೆಬ್‌ಸೈಟ್ ಹೆಸರಿಗೆ, ಇದ್ಯಾವುದೂ ಇಲ್ಲ. ಹೋಲಿಕೆ ಬೇಕೇ ಬೇಕು ಅಂದರೆ ಇದು ಹೊಲದ ಅಂಚಿನ ಎರಡು ಗುಂಟೆ. ರಸ್ತೆಗೂ ಪಕ್ಕದವನ ತೋಟಕ್ಕೂ ನಡುವೆ ಸಿಕ್ಕಿಕೊಂಡ ಜಾಗ. ಊರಿನ ಬೇರೆ ಯಾರಿಗೂ ಅದು ಬೇಡ. ಪಕ್ಕದವನಿಗೆ ಲಾರಿ ಒಳಗೆ ಬರಬೇಕಾದ ದಿನ ಮಾತ್ರ ಅದಕ್ಕೆ ಬೆಲೆ. ಅವನು ಇನ್ನೊಂದು ಕಡೆ ದಾರಿ ಮಾಡಿಕೊಂಡ ದಿನ ಮತ್ತೆ ಹುಲ್ಲು.

ಈಗ ವಾಯ್ಸ್ ಡಾಟ್ ಕಾಂ ವಿಷಯ. ಮಾರಿದವರು ಮೈಕ್ರೋಸ್ಟ್ರಾಟಜಿ ಅನ್ನುವ ಸಾಫ್ಟ್‌ವೇರ್ ಕಂಪನಿ, ಕೊಂಡವರು ಬ್ಲಾಕ್ ಡಾಟ್ ಒನ್. ಕ್ರಿಪ್ಟೋ ಟೋಕನ್ ಮಾರಿ ನೂರಾರು ಕೋಟಿ ಡಾಲರ್ ಎತ್ತಿದ್ದ ಕಂಪನಿ ಅದು. ವಾಯ್ಸ್ ಅನ್ನುವ ಸೋಷಿಯಲ್ ನೆಟ್‌ವರ್ಕ್ ಮಾಡಲು ಹೊರಟಿದ್ದರು, ಅದೇ ಹೆಸರು ಬೇಕಿತ್ತು, ಕೈ ತುಂಬಾ ದುಡ್ಡಿತ್ತು. ಮೈಕ್ರೋಸ್ಟ್ರಾಟಜಿಗೆ ಮಾರುವ ತುರ್ತು ಒಂದು ಚೂರೂ ಇರಲಿಲ್ಲ. ಈ ಮೂರೂ ಒಟ್ಟಿಗೆ ಸೇರಿದ್ದಕ್ಕೆ 3 ಕೋಟಿ. ಆ ನೆಟ್‌ವರ್ಕ್ ಉಳಿಯಲಿಲ್ಲ, ಮುಚ್ಚಿತು. ಹಾಗಾದರೆ ಹೆಸರಿನ ಬೆಲೆ 3 ಕೋಟಿ ಆಗಿತ್ತಾ? ಅವತ್ತು, ಅವರಿಗೆ, ಹೌದು. ಮಾರನೇ ದಿನ ಅವರೇ ಅದನ್ನು ಬೇರೆಯವರಿಗೆ ಮಾರಲು ಹೋಗಿದ್ದರೆ ಅಷ್ಟು ಸಿಗುತ್ತಿತ್ತು ಅಂತ ನನಗೆ ಅನಿಸುವುದಿಲ್ಲ.

ಇನ್ನೊಂದು. ದೊಡ್ಡ ಮಾರಾಟದ ಪಟ್ಟಿಗಳನ್ನು ಓದುವಾಗ ಹುಷಾರು. ಕಾರ್ ಇನ್ಶೂರೆನ್ಸ್ ಡಾಟ್ ಕಾಂ 4.97 ಕೋಟಿ ಡಾಲರ್, ಇನ್ಶೂರೆನ್ಸ್ ಡಾಟ್ ಕಾಂ 3.56 ಕೋಟಿ ಡಾಲರ್ ಅಂತ ಇರುತ್ತದೆ. ಎರಡನ್ನೂ 2010ರಲ್ಲಿ ಕೊಂಡದ್ದು ಕ್ವಿನ್‌ಸ್ಟ್ರೀಟ್ ಅನ್ನುವ ಕಂಪನಿ. ಆದರೆ ಕೊಂಡದ್ದು ಬರೀ ಹೆಸರಲ್ಲ, ನಡೆಯುತ್ತಿದ್ದ ವೆಬ್‌ಸೈಟ್ ವ್ಯವಹಾರವನ್ನೂ ಸೇರಿಸಿ. ಹೋಟೆಲನ್ನು ಒಲೆ, ಪಾತ್ರೆ, ಗಿರಾಕಿಗಳ ಸಮೇತ ಕೊಂಡು, ಅಷ್ಟೂ ದುಡ್ಡು ಬೋರ್ಡಿಗೇ ಕೊಟ್ಟರು ಅಂದ ಹಾಗೆ.

ಪುತ್ತೂರ್ ಹಾಳೆ · ಮಂಗಳವಾರ ಬೆಳಿಗ್ಗೆ 6:50

ಸರ್, ನಮ್ಮಲ್ಲಿ ಆ ಎರಡು ಗುಂಟೆಗೆ ಕೋರ್ಟಿಗೇ ಹೋಗಿದ್ದಾರೆ. ಚಿಕ್ಕಪ್ಪನಿಗೆ ಓದಿ ಹೇಳಿದೆ, ತಕ್ಷಣ ಅರ್ಥವಾಯಿತು. ಹಾಗಾದರೆ ಟೂಲ್‌ಗಳು ಹೇಳಿದ ಬೆಲೆ?

ಗಾಂಧಿಬಜಾರ್ · ಮಂಗಳವಾರ ಬೆಳಿಗ್ಗೆ 7:30

ಪಂಚಾಂಗದ ಮಳೆ ಲೆಕ್ಕ ಇದ್ದ ಹಾಗೆ. ಪೂರ್ತಿ ಸುಳ್ಳಲ್ಲ, ಆದರೆ ಅದನ್ನು ನಂಬಿ ಕೊಡೆ ಬಿಟ್ಟು ಹೋಗಬೇಡಿ.

ಅವು ಮಾಡುವುದು ಇಷ್ಟು. ಪದಗಳನ್ನು ಒಡೆಯುತ್ತವೆ. ಆ ಪದವನ್ನು ಜನ ಎಷ್ಟು ಹುಡುಕುತ್ತಾರೆ, ಜಾಹೀರಾತಿಗೆ ಒಂದು ಕ್ಲಿಕ್‌ಗೆ ಎಷ್ಟು ರೇಟಿದೆ, ಅಂಥದೇ ಹೆಸರು ಹಿಂದೆ ಎಷ್ಟಕ್ಕೆ ಹೋಗಿದೆ ಅಂತ ನೋಡುತ್ತವೆ. ನಿಮ್ಮ ಹೆಸರು ಯಾರಿಗೆ ಬೇಕು ಅನ್ನುವುದು ಅವಕ್ಕೆ ಗೊತ್ತಿಲ್ಲ. ಬೆಲೆಗೆ ಅದೇ ಮುಖ್ಯ, ಉಳಿದದ್ದೆಲ್ಲ ಆಮೇಲೆ.

ಹಳೇ ಮಾರಾಟದ ದಾಖಲೆ ನೋಡಬೇಕು ಅಂದರೆ ನೇಮ್‌ಬಯೋ ಅನ್ನುವ ವೆಬ್‌ಸೈಟ್‌ನಲ್ಲಿ ನೋಡಿ. ಹೊರಗೆ ಗೊತ್ತಾದ ಮಾರಾಟಗಳು ದಿನಾಂಕ, ಬೆಲೆ ಸಮೇತ ಸಿಗುತ್ತವೆ. "ಪ್ಲೇಟ್ಸ್" ಅಂತ ಕೊನೆಯಾಗುವ ಹೆಸರುಗಳು ಎಷ್ಟಕ್ಕೆ ಹೋಗಿವೆ ಅಂತ ಹುಡುಕಿ. ಎರಡು ಪದದ ಡಾಟ್ ಕಾಂ ಹೆಚ್ಚಿನವು ಕೆಲವು ನೂರು ಡಾಲರ್, ಕೆಲವು ಸಾವಿರ ಡಾಲರ್‌ನ ಒಳಗೇ ಸಿಗುತ್ತವೆ. ಕಣ್ಣು ಕುಕ್ಕುವ ಬೆಲೆಗಳು ಸುದ್ದಿ ಆಗುವುದೇ ಅಪರೂಪ ಅನ್ನುವ ಕಾರಣಕ್ಕೆ. ಹಾಗಂತ ಅದೂ ಪೂರ್ತಿ ಚಿತ್ರ ಅಲ್ಲ. ಬಹಳ ಮಾರಾಟಗಳಲ್ಲಿ ಬೆಲೆ ಹೊರಗೆ ಹೇಳುವುದಿಲ್ಲ ಅಂತ ಎರಡೂ ಕಡೆಯವರು ಸಹಿ ಹಾಕಿರುತ್ತಾರೆ. ವಾಯ್ಸ್ ಬೆಲೆ ನಮಗೆ ಗೊತ್ತಾದದ್ದು ಮೈಕ್ರೋಸ್ಟ್ರಾಟಜಿ ಷೇರುಪೇಟೆಯ ಕಂಪನಿ, ಲೆಕ್ಕ ಹೇಳಬೇಕಿತ್ತು, ಅದಕ್ಕೆ.

ಕೋರಮಂಗಲ ಬಾಡಿಗೆ · ಮಂಗಳವಾರ ಬೆಳಿಗ್ಗೆ 10:20

ಕೊಳ್ಳುವವರ ಕಡೆಯಿಂದ ಒಂದು ಮಾತು. ಎರಡು ಸ್ಟಾರ್ಟಪ್‌ಗಳಲ್ಲಿ ಹೆಸರು ಕೊಳ್ಳುವ ಕೆಲಸ ನನ್ನ ತಲೆಗೆ ಬಂದಿತ್ತು.

ಬೆಂಗಳೂರಿನ ಕಂಪನಿಗಳನ್ನೇ ನೋಡಿ. ರ್‍ಯಾಪಿಡೋದವರು ಡಾಟ್ ಕಾಂ ಬದಲು ಡಾಟ್ ಬೈಕ್‌ನಲ್ಲಿ ಬೆಳೆದರು. ಕ್ರೆಡ್ ಡಾಟ್ ಕ್ಲಬ್‌ನಲ್ಲಿ. ಗ್ರೋ ಡಾಟ್ ಇನ್‌ನಲ್ಲಿ. ಓಲಾ ಹಿಂದೆ "ಕ್ಯಾಬ್ಸ್" ಸೇರಿಸಿಕೊಂಡಿತು, ಏಥರ್ ಹಿಂದೆ "ಎನರ್ಜಿ". ಚಿಕ್ಕ ಡಾಟ್ ಕಾಂ ಇಲ್ಲ ಅಂತ ಯಾರೂ ಅಂಗಡಿ ಮುಚ್ಚಲಿಲ್ಲ. ಅದಕ್ಕೇ ಹೇಳಿದ್ದು, ಕೊಳ್ಳುವವನಿಗೆ ಯಾವಾಗಲೂ ಇನ್ನೊಂದು ದಾರಿ ಇರುತ್ತದೆ. ನೀವು 50 ಲಕ್ಷ ಅಂದ ಕೂಡಲೇ ಅವನು ಆ ದಾರಿಯ ಖರ್ಚು ಲೆಕ್ಕ ಹಾಕುತ್ತಾನೆ.

ಆದರೆ ಉಲ್ಟಾನೂ ಇದೆ. ಟೆಸ್ಲಾ ಎಷ್ಟೋ ವರ್ಷ ಟೆಸ್ಲಾ ಮೋಟರ್ಸ್ ಡಾಟ್ ಕಾಂನಲ್ಲಿ ಇತ್ತು. 2016ರಲ್ಲಿ ಟೆಸ್ಲಾ ಡಾಟ್ ಕಾಂ ಸಿಕ್ಕಿತು. ಅದಕ್ಕೆ 1.1 ಕೋಟಿ ಡಾಲರ್ ಮತ್ತು ಹತ್ತು ವರ್ಷ ಹಿಡಿಯಿತು ಅಂತ ಮಸ್ಕ್ ಆಮೇಲೆ ಹೇಳಿದರು. ಬರೀ ಕಾರು ಅಲ್ಲ, ಸೋಲಾರ್, ಬ್ಯಾಟರಿ ಅಂತ ಹೊರಟಾಗ "ಮೋಟರ್ಸ್" ಅಡ್ಡ ಬಂದಿತ್ತು. ಬೆಲೆ ಏರಿದ್ದು ಅಲ್ಲಿ.

ನಮ್ಮಲ್ಲಿ ಮೀಟಿಂಗ್ ಹೇಗೆ ನಡೆಯಿತು ಅಂತ ಹೇಳುತ್ತೇನೆ. ಬಿಳಿ ಬೋರ್ಡಿನ ಮೇಲೆ ನಾಲ್ಕೇ ಸಾಲು. ನಮಗೆ ಬರಬೇಕಾದ ಮೇಲ್ ಎಷ್ಟು ತಪ್ಪಿ ಡಾಟ್ ಕಾಂಗೆ ಹೋಗುತ್ತಿದೆ? ಜಾಹೀರಾತು ನೋಡಿದವರು ಎಷ್ಟು ಜನ ಅಲ್ಲಿಗೆ ಹೋಗುತ್ತಿದ್ದಾರೆ? ಹೆಸರೇ ಬದಲಿಸಿದರೆ ಎಷ್ಟು ಖರ್ಚು? ಎದುರಾಳಿ ಕಂಪನಿ ಕೊಂಡರೆ ಏನು ಗತಿ? ಕೊನೆಯ ಸಾಲಿನ ಮುಂದೆ ಬಾಸ್ ಏನೂ ಬರೆಯಲಿಲ್ಲ, ಸುಮ್ಮನೆ ಎರಡು ಗೆರೆ ಎಳೆದರು. ಮಾರುವವನಿಗೆ ಮೊದಲು 3,000 ಡಾಲರ್ ಅಂತ ಬ್ರೋಕರ್ ಕೈಲಿ ಹೇಳಿಸಿದೆವು. ನಮ್ಮ ಮಿತಿ 40,000 ಇತ್ತು. ಅವನು 9,000 ಕೇಳಿದ. ಅದೇ ಸಂಜೆ ಮುಗಿಸಿದೆವು.

ಅರ್ಧ ಕಾಫಿ · ಮಂಗಳವಾರ ಬೆಳಿಗ್ಗೆ 10:31

ಅಯ್ಯೋ ಪಾಪ! ಆ ಮನುಷ್ಯ ಇದನ್ನು ಓದದೇ ಇರಲಿ.

ಗಾಂಧಿಬಜಾರ್ · ಮಂಗಳವಾರ ಬೆಳಿಗ್ಗೆ 11:10

ಪಾಪ ಏನಿಲ್ಲ, 9,000 ಅವನಿಗೆ ಖುಷಿಯ ಬೆಲೆಯೇ ಇರಬೇಕು. ಎದುರಿಗೆ ಯಾರಿದ್ದಾರೆ ಅಂತ ಹುಡುಕದೇ ಹೇಳಿದ್ದು ಮಾತ್ರ ತಪ್ಪು.

ಫೇಸ್‌ಬುಕ್ ಎಫ್‌ಬಿ ಡಾಟ್ ಕಾಂ ಕೊಂಡದ್ದು ನೆನಪಿದೆಯಾ? ಅದು ಇದ್ದದ್ದು ಅಮೆರಿಕದ ರೈತ ಸಂಘಟನೆ ಹತ್ತಿರ, ಫಾರ್ಮ್ ಬ್ಯೂರೋ. 85 ಲಕ್ಷ ಡಾಲರ್ ಸಿಕ್ಕಿತು. ಅವರಿಗೆ ಎಫ್‌ಬಿ ಡಾಟ್ ಆರ್ಗ್ ಇತ್ತು, ಅದನ್ನು ಉಳಿಸಿಕೊಂಡರು. ಅಕ್ಷರ ಎರಡೇ ಇರುವ ಡಾಟ್ ಕಾಂಗಳು ಒಟ್ಟು 676 ಮಾತ್ರ, 26ನ್ನು 26ರಿಂದ ಗುಣಿಸಿ. ಮೂರಕ್ಷರದವು 17,576. ಇವಕ್ಕೆ ಒಂದು ಥರ ಮಾರುಕಟ್ಟೆ ದರ ಇದೆ, ಯಾವ ಕಂಪನಿಗಾದರೂ ಹೊಂದುತ್ತವೆ. ಎರಡು ಪದದ ಹೆಸರಿಗೆ ಆ ಭಾಗ್ಯ ಇಲ್ಲ.

ಪುತ್ತೂರಿನವರೇ, ನಿಮಗೆ ಮನೆಕೆಲಸ ಕೊಡುತ್ತೇನೆ. ಬ್ರೋಕರ್‌ಗೆ ಇನ್ನೂ ಬೆಲೆ ಹೇಳಬೇಡಿ. ಅದೇ ಎರಡು ಪದಗಳನ್ನು ಡಾಟ್ ಇಯು (ಯುರೋಪ್), ಡಾಟ್ ಡಿಇ (ಜರ್ಮನಿ), ಡಾಟ್ ಎನ್‌ಎಲ್ (ನೆದರ್ಲೆಂಡ್ಸ್), ಡಾಟ್ ನೆಟ್‌ನಲ್ಲಿ ಹಾಕಿ ನೋಡಿ. ನಡುವೆ ಅಡ್ಡಗೆರೆ ಹಾಕಿಯೂ ನೋಡಿ. ಯಾರಾದರೂ ಅಂಗಡಿ ತೆರೆದಿದ್ದರೆ ಅವರೇ ಗಿರಾಕಿ. ಆಮೇಲೆ ಹೂಈಸ್‌ನಲ್ಲಿ (ಡೊಮೇನ್ ಯಾರದು ಅಂತ ಹುಡುಕುವ ಕಡೆ) ಅಥವಾ ರಿಜಿಸ್ಟ್ರಾರ್, ಅಂದರೆ ಹೆಸರು ನೋಂದಾಯಿಸುವ ಕಂಪನಿಯ, ಖಾತೆಯಲ್ಲಿ ನಿಮ್ಮ ಹೆಸರು ಯಾರ ಹೆಸರಲ್ಲಿದೆ ಅಂತ ಕಣ್ಣಾರೆ ನೋಡಿ. ಇದು ಮುಖ್ಯ.

ವಕೀಲೆ ಹುಬ್ಬಳ್ಳಿ · ಮಂಗಳವಾರ ಮಧ್ಯಾಹ್ನ 2:45

ಬೆಲೆ ಮಾತಾಡುವ ಮುಂಚೆ ಹಕ್ಕು ಮಾತಾಡಬೇಕು, ನನ್ನ ಅಭ್ಯಾಸ ಅದು.

ಡೊಮೇನ್ ಹೆಸರಿಗೆ ಟ್ರೇಡ್‌ಮಾರ್ಕ್ ಥರದ್ದೇ ರಕ್ಷಣೆ ಇದೆ ಅಂತ ನಮ್ಮ ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿದ ಕೇಸು ಶುರುವಾದದ್ದು ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ. ಸತ್ಯಂ ಇನ್ಫೋವೇಯವರ ಸಿಫಿ, ಎದುರಿಗೆ ಸಿಫಿನೆಟ್. ಸಿವಿಲ್ ಕೋರ್ಟು ತಡೆ ಕೊಟ್ಟಿತು, ಹೈಕೋರ್ಟು ತೆಗೆಯಿತು, ಸುಪ್ರೀಂ ಕೋರ್ಟು ಮತ್ತೆ ಕೊಟ್ಟಿತು. ಹೆಸರು ಬರೀ ವಿಳಾಸ ಅಲ್ಲ, ವ್ಯಾಪಾರದ ಗುರುತು ಅಂತ ಆಯಿತು.

ಅದಕ್ಕೇ ಬೇರೆಯವರ ಬ್ರ್ಯಾಂಡ್ ಹೆಸರು ಹಿಡಿದು ಕೂತವರಿಗೆ ಬೆಲೆ ಸೊನ್ನೆ ಆಗಬಹುದು. ಲ್ಯಾಂಬೋ ಡಾಟ್ ಕಾಂ ಕೇಳಿದ್ದೀರಾ? ಒಬ್ಬರು 2018ರಲ್ಲಿ 10,000 ಡಾಲರ್‌ಗೆ ಕೊಂಡರು. ಹೇಳುವ ಬೆಲೆ ಏರಿಸುತ್ತಾ ಹೋಗಿ 7.5 ಕೋಟಿ ಡಾಲರ್ ಮಾಡಿದರು. ಲ್ಯಾಂಬೋರ್ಗಿನಿ ಕಾರು ಕಂಪನಿ ವೈಪೋ, ಅಂದರೆ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಮುಂದೆ ಹೋಯಿತು. 2022ರಲ್ಲಿ ಹೆಸರನ್ನು ಕಂಪನಿಗೆ ಕೊಡಿ ಅಂತ ತೀರ್ಪಾಯಿತು. ಅಲ್ಲಿ ಒಂದು ಹೆಸರಿಗೆ ದೂರು ಕೊಡುವ ಶುಲ್ಕ 1,500 ಡಾಲರ್‌ನಿಂದ ಶುರು. ವಕೀಲರ ಫೀಸು ಬೇರೆ, ಅದನ್ನು ನಾನು ಹೇಳುವುದಿಲ್ಲ.

ಜಿಯೋ ಹಾಟ್‌ಸ್ಟಾರ್ ಹೆಸರು ಮೊದಲೇ ಹಿಡಿದಿದ್ದ ದೆಹಲಿಯ ಹುಡುಗನ ಕಥೆ 2024ರಲ್ಲಿ ಎಲ್ಲರೂ ಓದಿದ್ದೀರಿ. ಕೇಂಬ್ರಿಡ್ಜ್ ಓದಿನ ಖರ್ಚು ಕೇಳಿದ, ಆ ಕಡೆಯಿಂದ ಬಂದದ್ದು ಚೆಕ್ ಅಲ್ಲ.

ನಿಮ್ಮದು ಬೇರೆ. ಎರಡು ಸಾದಾ ಪದ, 2011ರಿಂದ ಅದೇ ವ್ಯಾಪಾರಕ್ಕೆ ಬಳಕೆ. ಕೊಳ್ಳಲು ಬಂದ ಕಂಪನಿ ಆಮೇಲೆ ಹುಟ್ಟಿದ್ದರೆ, ನೀವು ಕೆಟ್ಟ ಉದ್ದೇಶಕ್ಕೆ ಹೆಸರು ನೋಂದಾಯಿಸಿದಿರಿ ಅಂತ ಸಾಧಿಸುವುದು ಅವರಿಗೆ ಬಹಳ ಕಷ್ಟ. ಅದಕ್ಕೇ ಕೊಳ್ಳಲು ಬಂದಿದ್ದಾರೆ. ಹಳೇ ಬಿಲ್ಲು, ಸೈಟ್‌ನ ಹಳೇ ಪುಟಗಳು ಎಲ್ಲಾ ಇಟ್ಟುಕೊಳ್ಳಿ.

ಪುತ್ತೂರ್ ಹಾಳೆ · ಮಂಗಳವಾರ ರಾತ್ರಿ 8:20

ಎರಡು ಸುದ್ದಿ. ಒಂದು ಒಳ್ಳೆಯದು, ಒಂದು ಕೆಟ್ಟದ್ದು.

ಒಳ್ಳೆಯದು: ಡಾಟ್ ಇಯುನಲ್ಲಿ ಅದೇ ಎರಡು ಪದ. ಯುರೋಪಿನ ಒಂದು ಕಂಪನಿ, ಕಬ್ಬಿನ ಸಿಪ್ಪೆ, ಹಾಳೆ, ಬಿದಿರು ಅಂತ ಪ್ಲಾಸ್ಟಿಕ್ ಅಲ್ಲದ ತಟ್ಟೆಗಳನ್ನು ಮಾರುತ್ತಾರೆ. ಅಂಗಡಿ ಚೆನ್ನಾಗಿಯೇ ನಡೆಯುವ ಹಾಗಿದೆ. ಇನ್ನೂ ಒಂದಿದೆ. ಕೋರಮಂಗಲದವರು ಮೇಲ್ ತಪ್ಪಿ ಹೋಗುವ ವಿಷಯ ಬರೆದರಲ್ಲ, ಚಿಕ್ಕಪ್ಪನನ್ನು ಕೇಳಿದೆ. "ಹೌದು, ಒಂದೆರಡು ವರ್ಷದಿಂದ ಅರ್ಥವಾಗದ ಭಾಷೆಯಲ್ಲಿ ಮೇಲ್ ಬರುತ್ತದೆ, ಸ್ಪ್ಯಾಮ್ ಅಂತ ಅಳಿಸುತ್ತೇನೆ" ಅಂದರು. ಇವತ್ತು ಬಂದದ್ದನ್ನು ನೋಡಿದೆ. ಮೇಲೆ ಇನ್‌ವಾಯ್ಸ್ ನಂಬರ್, 4,000 ಬಟ್ಟಲಿನ ಆರ್ಡರ್. ಅದು ಅವರಿಗೆ ಹೋಗಬೇಕಾದದ್ದು!

ಕೆಟ್ಟದ್ದು: ಡೊಮೇನ್ ಚಿಕ್ಕಪ್ಪನ ಹೆಸರಲ್ಲಿ ಇಲ್ಲ. 2011ರಲ್ಲಿ ಸೈಟ್ ಮಾಡಿಕೊಟ್ಟವರ ಹೆಸರಲ್ಲಿದೆ. ನಾವು ಪ್ರತಿ ವರ್ಷ ಅವರಿಗೇ ದುಡ್ಡು ಕೊಡುತ್ತಿದ್ದೆವು.

ಸರ್ವರ್ ರೂಮ್ · ಮಂಗಳವಾರ ರಾತ್ರಿ 8:26

ಇದನ್ನೇ ಹೆದರುತ್ತಿದ್ದೆ. ನಮ್ಮ ರಾಜ್ಯದ ಅರ್ಧ ಸಣ್ಣ ವ್ಯಾಪಾರಗಳ ಡೊಮೇನ್ ವೆಬ್‌ಸೈಟ್ ಮಾಡಿದವನ ಖಾತೆಯಲ್ಲೇ ಇರುತ್ತದೆ ಅಂತ ನನ್ನ ಅನುಮಾನ. ಮೋಸ ಅಂತ ಅಲ್ಲ, ಅವತ್ತು ಅದೇ ಸುಲಭ ಇತ್ತು. ಬ್ರೋಕರ್ ಮೇಲ್ ವಿಷಯ ಅವರ ಹತ್ತಿರ ಬಾಯಿ ಬಿಡಬೇಡಿ.

ವಕೀಲೆ ಹುಬ್ಬಳ್ಳಿ · ಮಂಗಳವಾರ ರಾತ್ರಿ 8:50

ದುಡ್ಡು ಕೊಟ್ಟ ರಸೀದಿ, ಬ್ಯಾಂಕ್ ಎಂಟ್ರಿ ಹುಡುಕಿಡಿ. ಜಗಳ ಬೇಡ, ಹೋಗಿ ನೇರವಾಗಿ ಕೇಳಿ. ನೀವಾಗಿ ವಿಷಯ ಎತ್ತುವುದು ಬೇಡ, ಆದರೆ ಅವರೇ "ಮಾರುತ್ತಿದ್ದೀರಾ?" ಅಂತ ಕೇಳಿದರೆ ಸುಳ್ಳು ಹೇಳಬೇಡಿ.

ಆ ತಪ್ಪಿ ಬಂದ ಮೇಲ್‌ಗಳ ಬಗ್ಗೆ: ತೆರೆದು ಓದಬೇಡಿ, ಇಟ್ಟುಕೊಂಡು ಬೆದರಿಸುವ ಕೆಲಸವಂತೂ ಬೇಡವೇ ಬೇಡ. ಕಳಿಸಿದವರಿಗೆ "ವಿಳಾಸ ತಪ್ಪಿದೆ" ಅಂತ ಒಂದು ಸಾಲು ಬರೆದು ವಾಪಸ್ ಹಾಕಿ. ನಾಳೆ ಯಾರಾದರೂ ಉದ್ದೇಶ ಕೇಳಿದರೆ ಅದೇ ನಿಮಗೆ ಸಾಕ್ಷಿ.

ಮಲ್ಲೇಶ್ವರ 18 · ಮಂಗಳವಾರ ರಾತ್ರಿ 9:30

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಾನು 2021ರಲ್ಲಿ ಜೋಶ್‌ನಲ್ಲಿ 40 ಹೆಸರು ಕೊಂಡೆ. ಮೆಟಾ ಅಂತ, ಎನ್‌ಎಫ್‌ಟಿ ಅಂತ, ಕ್ರಿಪ್ಟೋ ಅಂತ. ಒಂದೂ ಹೋಗಿಲ್ಲ. ಈಗ ಎಲ್ಲರೂ ಡಾಟ್ ಎಐ ಅನ್ನುತ್ತಿದ್ದಾರೆ. ಅದನ್ನು ಹಿಡಿಯಲಾ?

ಗಾಂಧಿಬಜಾರ್ · ಮಂಗಳವಾರ ರಾತ್ರಿ 10:10

ನಿಮ್ಮ ಲೆಕ್ಕವನ್ನೇ ಹಾಕೋಣ. 40 ಹೆಸರು, ಒಂದಕ್ಕೆ 1,200 ಅಂದರೂ ವರ್ಷಕ್ಕೆ 48,000 ರೂಪಾಯಿ. ಈ ದಂಧೆಯಲ್ಲಿರುವವರು ಸಾಮಾನ್ಯವಾಗಿ ಹೇಳುವುದು, ನೂರು ಹೆಸರಿಟ್ಟರೆ ವರ್ಷಕ್ಕೆ ಒಂದೋ ಎರಡೋ ಹೋಗುತ್ತವೆ ಅಂತ. ಅದೂ ಒಳ್ಳೆಯ ಹೆಸರಾದರೆ. ನಿಮ್ಮ ನಲವತ್ತರಲ್ಲಿ ವರ್ಷಕ್ಕೆ ಒಂದು ಹೋದರೆ ಪುಣ್ಯ, ಆ ಒಂದು ಕನಿಷ್ಠ 48,000 ತರಬೇಕು. ತರುವ ಹೆಸರು ನಲವತ್ತರಲ್ಲಿ ಯಾವುದು ಅಂತ ಕೇಳಿಕೊಳ್ಳಿ. ಉಳಿದದ್ದನ್ನು ರಿನ್ಯೂ ಮಾಡಬೇಡಿ, ಸುಮ್ನೆ ಬಿಡಿ.

ಡಾಟ್ ಎಐ ಅನ್ನುವುದು ಅಂಗ್ವಿಲಾ ಅನ್ನುವ ಪುಟ್ಟ ಕೆರಿಬಿಯನ್ ದ್ವೀಪದ ದೇಶ ಸಂಕೇತ. 2023ರಲ್ಲಿ ಅವರಿಗೆ ಇದರಿಂದ 3 ಕೋಟಿ ಡಾಲರ್‌ಗೂ ಮಿಕ್ಕಿ ಬಂತು, ಸರ್ಕಾರದ ಆದಾಯದ ಐದನೇ ಒಂದು ಭಾಗಕ್ಕಿಂತ ಜಾಸ್ತಿ. ಇದರಲ್ಲಿ ಖಾತ್ರಿಯಾಗಿ ದುಡ್ಡು ಮಾಡಿದವರು ಅವರು. ಅಲ್ಲಿ ಒಂದೇ ಸಲ ಎರಡು ವರ್ಷದ ಫೀಸು ಕಟ್ಟಬೇಕು, ಡಾಟ್ ಕಾಂಗಿಂತ ಎಷ್ಟೋ ಪಟ್ಟು ಜಾಸ್ತಿ. ಕೈಯಲ್ಲಿ ಹಿಡಿದು ಕೂರುವುದು ದುಬಾರಿ.

ಇದೇ ಹೊತ್ತಲ್ಲಿ ಚಾಟ್ ಡಾಟ್ ಕಾಂ ನೋಡಿ. ಹಬ್‌ಸ್ಪಾಟ್ ಅನ್ನುವ ಸಾಫ್ಟ್‌ವೇರ್ ಕಂಪನಿಯ ಧರ್ಮೇಶ್ ಶಾ 2023ರಲ್ಲಿ 1.55 ಕೋಟಿ ಡಾಲರ್‌ಗೆ ಕೊಂಡರು. ಆಮೇಲೆ ಅದು ಚಾಟ್‌ಜಿಪಿಟಿ ಮಾಡಿದ ಓಪನ್‌ಎಐಗೆ ಹೋಯಿತು. ಅವರು ಹೊಸ ಫ್ಯಾಷನ್ ಪದ ಹಿಡಿಯಲಿಲ್ಲ. ನೂರಾರು ವರ್ಷದಿಂದ ಇರುವ ಪದ ಹಿಡಿದರು. ಫ್ಯಾಷನ್ ತಾನಾಗಿ ಆ ಪದದ ಹತ್ತಿರ ಬಂತು. ನಮ್ಮ ಹತ್ತಿರ 1.55 ಕೋಟಿ ಡಾಲರ್ ಇಲ್ಲ ಅನ್ನುವುದು ಬೇರೆ ವಿಷಯ.

ಅರ್ಧ ಕಾಫಿ · ಮಂಗಳವಾರ ರಾತ್ರಿ 10:22

ಗೂಗಲ್ ಡಾಟ್ ಕಾಂನೇ ಒಬ್ಬ 12 ಡಾಲರ್‌ಗೆ ಕೊಂಡಿದ್ದ, ನೆನಪಿದೆಯಾ? 2015ರಲ್ಲಿ, ಗುಜರಾತ್ ಮೂಲದವನು, ಗೂಗಲ್‌ನಲ್ಲೇ ಹಿಂದೆ ಕೆಲಸ ಮಾಡಿದ್ದವನು. ಒಂದೇ ನಿಮಿಷ ಅವನ ಕೈಲಿತ್ತು. ಗೂಗಲ್ ಅವನಿಗೆ ಕೊಟ್ಟ ಬಹುಮಾನ 6,006.13 ಡಾಲರ್. ಓರೆಗಣ್ಣಲ್ಲಿ ನೋಡಿದರೆ ಆ ಅಂಕಿಗಳು ಗೂಗಲ್ ಅಂತ ಇಂಗ್ಲಿಷ್‌ನಲ್ಲಿ ಬರೆದ ಹಾಗೆ ಕಾಣುತ್ತವೆ. ಅವನು ಅದನ್ನು ನಮ್ಮ ಕನಕಪುರ ರಸ್ತೆಯ ಆರ್ಟ್ ಆಫ್ ಲಿವಿಂಗ್‌ನವರ ಶಾಲೆ ಕೆಲಸಕ್ಕೆ ಕೊಡಿ ಅಂದ. ಗೂಗಲ್ ಮೊತ್ತವನ್ನು ಎರಡು ಪಟ್ಟು ಮಾಡಿತು.

ಗೂಗಲ್‌ನಂಥ ಹೆಸರಿಗೆ ಅವನಿಗೆ ಸಿಕ್ಕಿದ್ದು ಅಷ್ಟೇ. ನಾನು ಇನ್ನು ಸೈಟಿನ ಮಾತು ಆಡುವುದಿಲ್ಲ ಬಿಡಿ.

ಡಬ್ಲಿನ್ ಕನ್ನಡಿಗ · ಬುಧವಾರ ಮುಂಜಾನೆ 3:15

ಇನ್ನೊಂದು ಕೋನ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಮೇ ತಿಂಗಳಲ್ಲಿ ಅಡಿಕೆ ಹಾಳೆಯ ತಟ್ಟೆಗಳ ಮೇಲೆ ಆಮದು ಎಚ್ಚರಿಕೆ ಹೊರಡಿಸಿತಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ನಿಮ್ಮ ಹೆಸರಿನಲ್ಲಿ "ಅಡಿಕೆ" ಅನ್ನುವ ಪದ ಇದೆಯಾ? ಇದ್ದರೆ ಅಮೆರಿಕದ ಕಡೆಯ ಗಿರಾಕಿ ಇಲ್ಲ ಅಂತಲೇ ಇಟ್ಟುಕೊಳ್ಳಿ. ಹೆಸರಿನ ಬೆಲೆ ಕೊನೆಗೆ ಆ ವಸ್ತುವಿನ ವ್ಯಾಪಾರಕ್ಕಿಂತ ದೂರ ಹೋಗುವುದಿಲ್ಲ.

ಯಾರಾದರೂ ಡಾಟ್ ಭಾರತ ಬಗ್ಗೆ ಹೇಳಿ. ಕನ್ನಡ ಲಿಪಿಯಲ್ಲೇ ಹೆಸರು ಸಿಗುತ್ತದೆ. ನನ್ನ ಹತ್ತಿರ ನಮ್ಮ ಊರಿನ ಹೆಸರಿದೆ. ಕೊಳ್ಳುವವರು ಯಾರೂ ಇಲ್ಲ, ನಾನು ಮಾರುವುದೂ ಇಲ್ಲ.

ಪುತ್ತೂರ್ ಹಾಳೆ · ಬುಧವಾರ ಸಂಜೆ 6:40

ಹೆಸರಿನಲ್ಲಿ ಅಡಿಕೆ ಇಲ್ಲ ಸರ್, ಎಲೆ ಅಂತ ಇದೆ. ಅದು ಬಚಾವು ಮಾಡಿತು.

ಸೈಟ್ ಮಾಡಿಕೊಟ್ಟವರ ಹತ್ತಿರ ಹೋಗಿದ್ದೆವು. ಅವರು ಆ ಕೆಲಸ ಬಿಟ್ಟು ಎಂಟು ವರ್ಷ ಆಯಿತಂತೆ, ಈಗ ಬಸ್ ಸ್ಟ್ಯಾಂಡ್ ಹತ್ತಿರ ಜೆರಾಕ್ಸ್ ಮತ್ತು ಫೋಟೋ ಫ್ರೇಮಿನ ಅಂಗಡಿ. ಚಿಕ್ಕಪ್ಪ ಒಂದು ಗೊನೆ ಬಾಳೆಹಣ್ಣು ಹಿಡಿದುಕೊಂಡು ಬಂದಿದ್ದರು. ಅವರು ಪಾಸ್‌ವರ್ಡ್ ಮರೆತಿದ್ದರು. ಹಳೇ ಮೇಲ್ ಐಡಿ ತೆರೆಯಲು ಹಳೇ ಫೋನ್ ನಂಬರ್ ಬೇಕಿತ್ತು, ಆ ನಂಬರ್ ಅವರ ಹೆಂಡತಿಯ ಫೋನಲ್ಲಿತ್ತು, ಅವರು ತವರಿಗೆ ಹೋಗಿದ್ದರು. ಫೋನಲ್ಲಿ ಒಟಿಪಿ ಓದಿಸಿಕೊಂಡು ಒಳಗೆ ಹೋಗಲು ಒಂದೂವರೆ ಗಂಟೆ. ಅಲ್ಲಿ ಇನ್ನೂ ಹನ್ನೊಂದು ಜನರ ಡೊಮೇನ್ ಇದ್ದವು. ಒಂದು ಮದುವೆ ಹಾಲ್, ಒಂದು ದಂತ ಚಿಕಿತ್ಸಾಲಯ.

ಅವರು ಕೇಳಿದರು, "ಯಾಕೆ, ಮಾರುತ್ತೀರಾ?" ಚಿಕ್ಕಪ್ಪ ಹೌದು ಅಂದೇ ಬಿಟ್ಟರು. ನನಗೆ ಎದೆ ಧಸಕ್ ಅಂತು. ಅವರು ನಕ್ಕು, "ಬಂದರೆ ನನಗೊಂದು ಒಳ್ಳೆಯ ಊಟ ಹಾಕಿಸಿ" ಅಂದು, ಹೆಸರನ್ನು ನಮ್ಮ ಖಾತೆಗೆ ದಾಟಿಸಿದರು. ಜೆರಾಕ್ಸ್ ಮಾಡಲು ಬಂದವರು ಹಿಂದೆ ಕಾಯುತ್ತಿದ್ದರು.

ಈಗ ಎಷ್ಟು ಕೇಳಲಿ?

ಗಾಂಧಿಬಜಾರ್ · ಬುಧವಾರ ರಾತ್ರಿ 9:05

ಬಾಳೆಗೊನೆಗೆ ನಮಸ್ಕಾರ.

ಲೆಕ್ಕ ಹೀಗೆ ನೋಡಿ. ಅವರು ಮೊದಲು ಹೇಳಿದ್ದು 2,000, ಅಂದರೆ ಮಿತಿ ಖಂಡಿತ ಅದಕ್ಕಿಂತ ಮೇಲಿದೆ. ಮೇಲ್ ತಪ್ಪಿ ಹೋಗುತ್ತಿರುವುದು ಅವರಿಗೂ ಗೊತ್ತಿರುತ್ತದೆ, ಅದಕ್ಕೇ ಬಂದಿರುವುದು. ಆದರೆ ಅದು ತಟ್ಟೆ ವ್ಯಾಪಾರ, ಕ್ರಿಪ್ಟೋ ಅಲ್ಲ. 50 ಲಕ್ಷ ಅಂದರೆ ನಕ್ಕು ಹೋಗುತ್ತಾರೆ, ಅಡ್ಡಗೆರೆ ಹಾಕಿದ ಡಾಟ್ ಕಾಂ ಹಿಡಿಯುತ್ತಾರೆ. ನನ್ನ ಪ್ರಕಾರ ಅವರ ಮಿತಿ 5,000ಕ್ಕೂ 15,000 ಡಾಲರ್‌ಗೂ ನಡುವೆ ಎಲ್ಲೋ ಇದೆ. ಇದು ಊಹೆ, ಟೂಲ್ ಹೇಳಿದ್ದಲ್ಲ. 12,000 ಕೇಳಿ.

ಈಗ ಇನ್ನೊಂದು ಕಡೆ. ಈ ಹೆಸರು ಬಿಟ್ಟರೆ ಚಿಕ್ಕಪ್ಪನಿಗೆ ಎಷ್ಟು ನಷ್ಟ? ಯಾರೂ ಅದನ್ನು ಕೇಳಲಿಲ್ಲ, ನಾನೂ ಕೇಳಲಿಲ್ಲ, ತಪ್ಪಾಯಿತು. ಹಳೇ ಗಿರಾಕಿಗಳು ಯಾವ ವಿಳಾಸಕ್ಕೆ ಮೇಲ್ ಮಾಡುತ್ತಾರೆ? ಜಿಎಸ್‌ಟಿ, ಬ್ಯಾಂಕ್ ಖಾತೆಗೆ ಯಾವ ಮೇಲ್ ಕೊಟ್ಟಿದ್ದೀರಿ? ಡಬ್ಬದ ಮೇಲೆ ಏನು ಅಚ್ಚಾಗಿದೆ? ಅದನ್ನೆಲ್ಲ ಬದಲಿಸುವ ಖರ್ಚು, ತಲೆನೋವು ಸೇರಿಸಿ ಬರುವ ಮೊತ್ತಕ್ಕಿಂತ ಕಡಿಮೆಗೆ ಕೊಡಬೇಡಿ.

ಪುತ್ತೂರ್ ಹಾಳೆ · ಬುಧವಾರ ರಾತ್ರಿ 9:30

ಡಬ್ಬದ ಮೇಲೆ ದೊಡ್ಡದಾಗಿ ಅದೇ ಅಚ್ಚಾಗಿದೆ. ಚಿಕ್ಕಪ್ಪ ಈಗ "ಕೊಡುವುದೇ ಬೇಡ" ಅನ್ನುತ್ತಿದ್ದಾರೆ.

ಕೋರಮಂಗಲ ಬಾಡಿಗೆ · ಬುಧವಾರ ರಾತ್ರಿ 9:48

ಒಂದು ವರ್ಷ ಚಿಕ್ಕಪ್ಪನ ಹಳೇ ಮೇಲ್ ಐಡಿಗೆ ಬರುವುದನ್ನು ಹೊಸ ವಿಳಾಸಕ್ಕೆ ದಾಟಿಸಿ ಕೊಡಬೇಕು ಅಂತ ಷರತ್ತು ಹಾಕಿ. ಕೊಳ್ಳುವವರು ಸಾಮಾನ್ಯವಾಗಿ ಒಪ್ಪುತ್ತಾರೆ, ಅವರಿಗೆ ಐದು ನಿಮಿಷದ ಕೆಲಸ. ನಾವೂ ಒಪ್ಪಿದ್ದೆವು. ಮತ್ತೆ, ದುಡ್ಡು ಎಸ್ಕ್ರೋಗೆ ಬಂದಿದೆ ಅಂತ ಎಸ್ಕ್ರೋದ ಸೈಟ್‌ಗೆ ನೀವೇ ಲಾಗಿನ್ ಆಗಿ ನೋಡುವವರೆಗೆ ಟ್ರಾನ್ಸ್‌ಫರ್ ಕೋಡ್ (ಹೆಸರನ್ನು ಸಾಗಿಸಲು ಬೇಕಾದ ಗುಟ್ಟಿನ ಸಂಕೇತ) ಯಾರಿಗೂ ಕೊಡಬೇಡಿ. ಮೇಲ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ. ಖಾತೆ ಈಗ ತಾನೇ ನಿಮ್ಮ ಹೆಸರಿಗೆ ಬದಲಾಗಿದೆ, ಹಾಗಾಗಿ ಬೇರೆ ರಿಜಿಸ್ಟ್ರಾರ್‌ಗೆ ಸಾಗಿಸಲು 60 ದಿನ ತಡೆ ಇರಬಹುದು. ಮೊದಲೇ ಅವರಿಗೆ ಹೇಳಿಬಿಡಿ. ಅದೇ ರಿಜಿಸ್ಟ್ರಾರ್‌ನಲ್ಲಿ ಖಾತೆಯಿಂದ ಖಾತೆಗೆ ತಳ್ಳಬಹುದಾ ಅಂತಲೂ ಕೇಳಿ.

ಪುತ್ತೂರ್ ಹಾಳೆ · ಮೂರು ವಾರದ ನಂತರ, ಭಾನುವಾರ ಸಂಜೆ 5:10

ತಡವಾಯಿತು, ಕ್ಷಮಿಸಿ. ಮುಗಿಯಿತು.

12,000 ಕೇಳಿದೆ. ನಾಲ್ಕು ದಿನ ಸದ್ದಿಲ್ಲ. ಆ ನಾಲ್ಕು ದಿನ ಚಿಕ್ಕಪ್ಪ ನನ್ನ ಜೊತೆ ಮಾತಾಡಲಿಲ್ಲ. ಐದನೇ ದಿನ 5,000 ಅಂತ ಬಂತು. ತಪ್ಪಿ ಬಂದ ಮೇಲ್‌ಗಳನ್ನು ನಾವು ವಾಪಸ್ ಕಳಿಸುತ್ತಿದ್ದೇವೆ ಅಂತ ಒಂದು ಸಾಲು ಬರೆದೆ, ಬೇರೆ ಏನೂ ಹೇಳಲಿಲ್ಲ. ವಕೀಲೆ ಮೇಡಂ ಹೇಳಿದ ಹಾಗೆ ಮೊದಲ ದಿನದಿಂದಲೇ ಕಳಿಸುತ್ತಿದ್ದೆವು. ಬ್ರೋಕರ್ ಧನ್ಯವಾದ ಹೇಳಿದರು. 7,500 ಡಾಲರ್‌ಗೆ ಆಯಿತು, ಜೊತೆಗೆ ಒಂದು ವರ್ಷ ಮೇಲ್ ದಾಟಿಸುವ ಷರತ್ತು. ಅದೇ ರಿಜಿಸ್ಟ್ರಾರ್‌ನಲ್ಲಿ ಅವರು ಖಾತೆ ತೆರೆದರು, 60 ದಿನ ಕಾಯಬೇಕಾಗಲಿಲ್ಲ.

ನಮಗೆ ಹೊಸದು ಡಾಟ್ ಇನ್. ಜೆರಾಕ್ಸ್ ಅಂಗಡಿಯವರಿಗೆ ಊಟದ ಜೊತೆ ಒಂದು ಕವರ್ ಕೊಟ್ಟೆವು. ಅವರು ಉಳಿದ ಹನ್ನೊಂದು ಜನರಿಗೂ ಫೋನ್ ಮಾಡುತ್ತಿದ್ದಾರಂತೆ.

ಅರ್ಧ ಕಾಫಿ · ಭಾನುವಾರ ಸಂಜೆ 5:18

ಆರು ಲಕ್ಷ ದಾಟಿತಲ್ಲ ಗುರು! ಡಬ್ಬಗಳ ಕಥೆ ಏನಾಯಿತು?

ಪುತ್ತೂರ್ ಹಾಳೆ · ಭಾನುವಾರ ಸಂಜೆ 5:25

ಮೂರು ಸಾವಿರ ಡಬ್ಬ ಉಳಿದಿವೆ. ಹೊಸ ವಿಳಾಸದ ಸ್ಟಿಕ್ಕರ್ ಮಾಡಿಸಿದೆವು. ಚಿಕ್ಕಪ್ಪ ಜಗಲಿಯಲ್ಲಿ ಕೂತು ಒಂದೊಂದೇ ಅಂಟಿಸುತ್ತಿದ್ದಾರೆ. ನಾನೂ ಹೊರಟೆ, ಕರೆಯುತ್ತಿದ್ದಾರೆ.